ಜೀವಿಗಳ ಹೆಸರಿಗೆ ಲ್ಯಾಟಿನ್ ಲಿಂಗನಿಯಮ ಇನ್ನೂ ಬೇಕೇ?

ಪರ

ಕರಿಮೆಣಸಿನ ವೈಜ್ಞಾನಿಕ ಹೆಸರು ಪೈಪರ್ ನೈಗ್ರಮ್. ಕರಿಸಾಸಿವೆ ಬ್ರಾಸಿಕಾ ನೈಗ್ರಾ. ಖುರಾಸಾನಿ ಅಜವಾನ ಹಯೋಸಯಾಮಸ್ ನೈಜರ್. ಮೂರರಲ್ಲೂ ಇರುವುದು ಕಪ್ಪು ಎಂಬರ್ಥದ ಒಂದೇ ವಿಶೇಷಣ. ಮೊದಲ ಪದ, ಅಂದರೆ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹೆಸರು ನಪುಂಸಕವೋ ಸ್ತ್ರೀಲಿಂಗವೋ ಪುಲ್ಲಿಂಗವೋ ನೋಡಿಕೊಂಡು ಅದರ ಕೊನೆ ಬದಲಾಗಿದೆ. ಸಂಸ್ಕೃತ ಓದಿದವರಿಗೆ ಇದರಲ್ಲಿ ಹೊಸದೇನಿಲ್ಲ: ಕೃಷ್ಣಮ್, ಕೃಷ್ಣಾ, ಕೃಷ್ಣಃ.

ಅರಳಿಮರ ನೋಡಿ. ಫೈಕಸ್ ಎಂಬುದು ಮೇಲ್ನೋಟಕ್ಕೆ ಪುಲ್ಲಿಂಗದಂತೆ ಕಂಡರೂ ಹೆಸರು ಫೈಕಸ್ ರಿಲಿಜಿಯೋಸಾ. ರೋಮನ್ನರು ಸಾಮಾನ್ಯವಾಗಿ ಮರಗಳನ್ನು ಸ್ತ್ರೀಲಿಂಗದಲ್ಲೇ ಹೇಳುತ್ತಿದ್ದರು; ಹುಣಸೆ ಟ್ಯಾಮರಿಂಡಸ್ ಇಂಡಿಕಾ ಆದದ್ದೂ ಹಾಗೆಯೇ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಎರಡೂ ಹೆಸರು ಕೊಟ್ಟಾಗ ಆ ಮಾತಿನ ರೂಢಿಯನ್ನು ಕೈಬಿಡಲಿಲ್ಲ. ನಾವೇಕೆ ಬಿಡಬೇಕು? ನಾಳೆಯಿಂದ ನಿಯಮ ಸಡಿಲಿಸಿದರೆ ಹಳೆಯ ಹೆಸರುಗಳು ಒಂದು ವ್ಯಾಕರಣದಲ್ಲಿ, ಹೊಸವು ಯಾವ ವ್ಯಾಕರಣವೂ ಇಲ್ಲದೆ ಉಳಿಯುತ್ತವೆ. ಕಲಿಯಬೇಕಾದದ್ದಾದರೂ ಎಷ್ಟು? ಅಸ್, ಆ, ಅಮ್ ಎಂಬ ಮೂರು ಕೊನೆಗಳು ಗೊತ್ತಿದ್ದರೆ ಬಹಳಷ್ಟು ಹೆಸರು ಬಿಡಿಸಿಕೊಳ್ಳುತ್ತವೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ವಿರೋಧ

ಊದಾ ಬಣ್ಣದ ಸೂರಕ್ಕಿ ಹಳೆಯ ಪುಸ್ತಕಗಳಲ್ಲಿ ನೆಕ್ಟರಿನಿಯಾ ಏಷಿಯಾಟಿಕಾ. ಈಗ ಸಿನ್ನಿರಿಸ್ ಏಷಿಯಾಟಿಕಸ್. ಕುಲ ಬದಲಾದದ್ದು ಸರಿ, ಹಕ್ಕಿಗಳ ನಂಟಸ್ತಿಕೆಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾಯಿತು. ಆದರೆ ಎರಡನೆಯ ಪದ ಏಕೆ ಬದಲಾಗಬೇಕಿತ್ತು? ಕುಲ ಎಷ್ಟು ಸಲ ಅದಲುಬದಲಾದರೂ ಪ್ರಭೇದವನ್ನು ಹಿಡಿದಿಡುವುದು ಆ ಪದವೇ. ಹಳೆಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಹುಡುಕುವವರಿಗೆ ಉಳಿದಿದ್ದ ಆ ಒಂದು ಎಳೆಯನ್ನೂ ವ್ಯಾಕರಣಕ್ಕಾಗಿ ಕಡಿಯುತ್ತಿದ್ದೇವೆ.

ಮೂರು ಕೊನೆ ಕಲಿತರೆ ಸಾಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲು ಎರಡನೆಯ ಪದ ವಿಶೇಷಣವೋ ನಾಮಪದವೋ ತೀರ್ಮಾನಿಸಬೇಕು. ಹುಲಿ ಫೆಲಿಸ್‌ನಿಂದ ಪ್ಯಾಂಥೆರಾಕ್ಕೆ ಹೋದಾಗ ಟೈಗ್ರಿಸ್ ಹಾಗೇ ಉಳಿಯಿತು, ಏಕೆಂದರೆ ಅದು ನಾಮಪದ. ಆಮೇಲೆ ಕುಲದ ಲಿಂಗ. ಎಷ್ಟೋ ಕುಲಗಳ ಹೆಸರು ಗ್ರೀಕಿನಿಂದ ಬಂದವು. ತಜ್ಞರಿಗೇ ಇದು ಸುಲಭವಲ್ಲ. 2002ರಲ್ಲಿ ನಾರ್ಮಂಡ್ ಡೇವಿಡ್ ಮತ್ತು ಮಿಶೆಲ್ ಗೊಸೆಲಿನ್ ಹಕ್ಕಿಗಳ ಹೆಸರಿನ ಲಿಂಗ ಹೊಂದಾಣಿಕೆಗೆಂದೇ ದೀರ್ಘ ಲೇಖನ ಬರೆಯಬೇಕಾಯಿತು, ಅದನ್ನನುಸರಿಸಿ ಹಲವು ಹಕ್ಕಿಗಳ ಹೆಸರಿನ ಕೊನೆ ತಿದ್ದಬೇಕಾಯಿತು. ಪ್ರಾಣಿಶಾಸ್ತ್ರದ ನಾಮಕರಣ ಸಂಹಿತೆ ಹೊಂದಾಣಿಕೆ ಕಡ್ಡಾಯ ಎನ್ನುತ್ತದೆ. ಚಿಟ್ಟೆ–ಪತಂಗಗಳ ತಜ್ಞರಲ್ಲಿ ಅನೇಕರು ಮಾತ್ರ ಮೊದಲು ಪ್ರಕಟವಾದ ಕಾಗುಣಿತವನ್ನೇ ಇಟ್ಟುಕೊಂಡಿದ್ದಾರೆ. ಅವರ ಕೆಲಸ ಇದರಿಂದ ನಿಂತಿಲ್ಲ. ಸಸ್ಯಶಾಸ್ತ್ರವೂ 2012ರಿಂದ, ಅದುವರೆಗೆ ಲ್ಯಾಟಿನ್ನಿನಲ್ಲೇ ಇರಬೇಕಿದ್ದ ಹೊಸ ಸಸ್ಯದ ವರ್ಣನೆಯನ್ನು ಇಂಗ್ಲಿಷಿನಲ್ಲಿ ಬರೆಯಲು ಬಿಟ್ಟಿದೆ.

ಹೆಸರಿಡುವಾಗ ಲ್ಯಾಟಿನ್ ಲಿಂಗ ನೋಡಿಯೇ ಇಡಲಿ. ಒಮ್ಮೆ ಅಚ್ಚಾದ ಮೇಲೆ ಎರಡನೆಯ ಪದವನ್ನು ಮುಟ್ಟಬಾರದು. ಸಂಹಿತೆಯಲ್ಲಿ ಈ ತಿದ್ದುಪಡಿ ಆಗಲೇಬೇಕು.