ಒಣಗಿದ ಹುಲ್ಲಿಗೆ ನಾಲ್ಕು ಮಾರ್ಕ್ಸ್ ಅಂತೆ!

ಬೆಳಿಗ್ಗೆ ಕಾಫಿ ಲೋಟ ಕೈಗೆ ತಗೊಂಡಿದ್ದೆ ಅಷ್ಟೇ, ನಮ್ಮ ಗಾಲ್ಫ್ ಗ್ರೂಪಿಗೆ ಒಂದು ಎಕ್ಸೆಲ್ ಶೀಟ್ ಬಂದು ಬಿತ್ತು. ಜೂನಲ್ಲಿ ನಾವು ನಾಲ್ಕು ಜನ ಸ್ಕಾಟ್ಲೆಂಡಿಗೆ ಹೋಗಿದ್ವಲ್ಲ (ಫೋಟೋ ಹಾಕಿ ಹಾಕಿ ನಿಮ್ಮೆಲ್ಲರ ತಲೆ ತಿಂದಿದ್ದೆ, ನೆನಪಿರುತ್ತೆ), ಆ ಟ್ರಿಪ್ಪಲ್ಲಿ ಆಡಿದ ಐದು ಕೋರ್ಸಿಗೂ ನಮ್ಮ ಇಂಜಿನಿಯರ್ ಸಾಹೇಬ್ರು ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿದಾರೆ. ಕ್ಲಬ್‌ಹೌಸಿಗೆ ಒಂದು ಕಾಲಂ, ಊಟಕ್ಕೆ ಒಂದು ಕಾಲಂ, ಆಮೇಲೆ "ಗ್ರೀನರಿ ಅಂಡ್ ಮೇಂಟೆನೆನ್ಸ್" ಅಂತ ಇನ್ನೊಂದು. ಆ ಕಾಲಮ್ಮಲ್ಲಿ ಸ್ಕಾಟ್ಲೆಂಡಿನ ಕಡಲತೀರದ ಕೋರ್ಸು ನಾರ್ತ್ ಬೆರಿಕ್‌ಗೆ ನಾಲ್ಕು. ನಾಲ್ಕು ಕಣ್ರೀ! ಪಕ್ಕದಲ್ಲಿ ಷರಾ ಬೇರೆ: "ಹುಲ್ಲು ಒಣಗಿದೆ. ನೀರು ಹಾಕಿಲ್ಲ."

ಫಸ್ಟ್ ರ‍್ಯಾಂಕ್ ಯಾವುದಕ್ಕೆ ಅಂತೀರಾ, ಆಡಿದ ಐದರಲ್ಲಿ? ವಾಪಸ್ ಬರೋವಾಗ ಇಂಗ್ಲೆಂಡಲ್ಲಿ ಕೊನೇ ದಿನ ಆಡಿದ ಒಂದು ರೆಸಾರ್ಟ್ ಕೋರ್ಸಿಗೆ. ಹೆಸರು ಬೇಡ ಬಿಡಿ. ಬಾಗಿಲಲ್ಲೇ ಕಾರಂಜಿ, ಕೂತ್ಕೊಂಡು ಹೋಗೋಕೆ ಕಾರ್ಟು, ಅದರಲ್ಲೊಂದು ಸ್ಕ್ರೀನು, ಎಲ್ಲಿ ನೋಡಿದ್ರೂ ಬಿಲಿಯರ್ಡ್ಸ್ ಟೇಬಲ್ ಹಾಸಿದ ಹಾಗೆ ಹಸಿರು. ಆಡಿ ಬಂದು ಒಂದು ತಿಂಗಳಾಗಿಲ್ಲ, ನಾಲ್ಕನೇ ಹೋಲ್ (ಮೊದಲ ಹೊಡೆತದಿಂದ ತೂತಿನವರೆಗಿನ ಒಂದು ಭಾಗ) ಹೇಗಿತ್ತು ಅಂತ ಕೇಳಿದ್ರೆ ನನಗೆ ಒಂದಕ್ಷರ ನೆನಪಿಲ್ಲ. ಸಾಹೇಬ್ರಿಗೂ ಇಲ್ಲ, ಈಗಷ್ಟೇ ಫೋನ್ ಮಾಡಿ ಪರೀಕ್ಷೆ ಮಾಡಿದೆ. "ಅದೇ ಸರ್, ಕೆರೆ ಇತ್ತಲ್ಲ" ಅಂದ್ರು. ಕೆರೆ ಆರು ಹೋಲಲ್ಲಿ ಇತ್ತು ಸ್ವಾಮಿ.

ಗಾಲ್ಫ್ ಅಂದ ಕೂಡ್ಲೆ "ಸಾಹುಕಾರ್ರ ಆಟ ನಮಗ್ಯಾಕೆ" ಅಂತ ಕಾಮೆಂಟ್ ಹಾಕೋರಿಗೆ ಮೊದಲೇ ಹೇಳ್ಬಿಡ್ತೀನಿ, ನಾನು ರಿಟೈರ್ಡ್ ಬ್ಯಾಂಕ್ ಗುಮಾಸ್ತ, ಮಗ ಎಡಿನ್‌ಬರದಲ್ಲಿದಾನೆ, ಅವನ ಮನೇಲಿ ಸೊಸೆ ಮಾಡಿದ ಉಪ್ಸಾರು ತಿಂದ್ಕೊಂಡು ಅವನ ದುಡ್ಡಲ್ಲೇ ಆಡಿ ಬಂದೋನು. ಆಟ ಕಲಿತಿದ್ದು ಐವತ್ತು ದಾಟಿದ ಮೇಲೆ, ಮೈಸೂರಲ್ಲಿ, ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್‌ಕೋರ್ಸಿನ ಒಳಗಿದೆಯಲ್ಲ ಆ ಕೋರ್ಸಲ್ಲಿ. ಅದಕ್ಕೇ ಮಸಲ್‌ಬರದಲ್ಲಿ ಮೊದಲನೇ ದಿನ ಇಳಿದಾಗ ನನಗೆ ನಗು ತಡಿಯೋಕಾಗ್ಲಿಲ್ಲ. ಅಲ್ಲೂ ಅದೇ, ಕುದುರೆ ಓಡೋ ಬಿಳಿ ಕಟಕಟೆ, ಅದರೊಳಗೆ ಒಂಬತ್ತು ಹೋಲ್! 1672ರಲ್ಲೇ ಅಲ್ಲಿ ಆಡಿದ್ದಕ್ಕೆ ದಾಖಲೆ ಇದೆ, 1874ರಿಂದ 1889ರ ಒಳಗೆ ಆರು ಸಲ ಗಾಲ್ಫಿನ ದೊಡ್ಡ ಟೂರ್ನಿ ಓಪನ್ ಚಾಂಪಿಯನ್‌ಶಿಪ್ಪೇ ನಡೆದಿದೆ. ಇವತ್ತು ಇಡೀ ಪ್ರಪಂಚದಲ್ಲಿ ಬಾಲು ಬೀಳೋ ತೂತು ನಾಲ್ಕೂಕಾಲು ಇಂಚು ಅಗಲ ಇರುತ್ತಲ್ಲ, ಆ ಅಳತೆ ಬಂದಿದ್ದು ಈ ಊರಿನ ಹಳೇ ತೂತು ಕೊರೆಯೋ ಸಾಮಾನಿಂದ. ಅಂಥ ಜಾಗಕ್ಕೆ ಸಾಹೇಬ್ರ ಷರಾ ಏನು ಗೊತ್ತಾ? "ನಾಟ್ ವರ್ತ್. ಬ್ರೌನ್ ಪ್ಯಾಚಸ್."

ನನ್ನ ಹೊಟ್ಟೆ ಉರಿಯೋದು ಇಲ್ಲೇ. ಕಂದು ಬಣ್ಣ ಕಂಡ ತಕ್ಷಣ "ಮೇಂಟೆನೆನ್ಸ್ ಇಲ್ಲ" ಅಂತ ಬರ್ಕೊಳ್ಳೋದು. ಅಲ್ರೀ, ಸ್ಕಾಟ್ಲೆಂಡಲ್ಲಿ ನಾವು ಆಡಿದ್ದೆಲ್ಲ ಲಿಂಕ್ಸ್ ಕೋರ್ಸು, ಲಿಂಕ್ಸ್ ಅಂದ್ರೇನು? ಸಮುದ್ರಕ್ಕೂ ಹೊಲಕ್ಕೂ ಮಧ್ಯ ಬಿದ್ದಿರೋ ಮರಳು ದಿಬ್ಬದ ಜಾಗ. ಉಳುಮೆಗೆ ಬರಲ್ಲ, ಬಿತ್ತಿದ್ರೆ ಬೆಳೆಯಲ್ಲ, ಊರಿನ ಕುರಿ ಮೇಯೋಕೆ ಬಿಟ್ಟಿದ್ದ ನೆಲ. ನಮ್ಮ ಭಾಷೇಲಿ ಹೇಳೋದಾದ್ರೆ ಗೋಮಾಳ. ಗಾಳಿಗೆ ಮರೆಯಾಗಿ ಕುರಿ ಮಲಗಿ ಮಲಗಿ ತಗ್ಗು ಬಿದ್ದ ಕಡೆ ಬಂಕರ್, ಅಂದ್ರೆ ಮರಳು ಗುಂಡಿ, ಆಯ್ತು ಅಂತಾರೆ. ನಾನು ನಂಜನಗೂಡು ಕಡೆ ಹುಡುಗ, ಗೋಮಾಳದಲ್ಲಿ ದನ ಕಾದೋನು, ಏಪ್ರಿಲ್ ತಿಂಗಳಲ್ಲಿ ಗೋಮಾಳ ಹಸಿರಾಗಿದ್ರೆ ನಾವು ಖುಷಿ ಪಡ್ತಿರ್ಲಿಲ್ಲ, ಎಲ್ಲೋ ನಾಲೆ ಒಡೆದಿದೆ ಅಂತ ಓಡ್ತಿದ್ವಿ.

ಆ ಮರಳಲ್ಲಿ ಬೆಳೆಯೋದು ಫೆಸ್ಕ್ಯೂ ಅಂತ ಸೂಜಿ ಥರದ ಹುಲ್ಲು. ಮಳೆ ನಿಂತ್ರೆ ಮೇಲೆ ಕಂದಾಗುತ್ತೆ, ಬೇರು ಕೆಳಗೆ ಜೀವ ಹಿಡ್ಕೊಂಡಿರುತ್ತೆ. ಅದು ಸತ್ತಿಲ್ಲ, ಮಲಗಿದೆ. ಇಂಥ ಕಡೆ ತೂತಿನ ಸುತ್ತ ನುಣ್ಣಗೆ ಕತ್ತರಿಸಿರೋ ಗ್ರೀನ್‌ಗೆ ಅಷ್ಟೋ ಇಷ್ಟೋ ನೀರು ಬಿಡ್ತಾರೆ, ಅಲ್ಲಿಗೆ ಹೋಗೋ ದಾರಿ ಫೇರ್‌ವೇನ ಹೆಚ್ಚುಕಮ್ಮಿ ಮಳೆಗೇ ಬಿಟ್ಟಿರ್ತಾರೆ. ಜಾಸ್ತಿ ನೀರು ಕುಡಿಸಿದ್ರೆ ಫೆಸ್ಕ್ಯೂ ಹಿಂದೆ ಸರಿದು ಪೋವಾ ಅನ್ನೋ ಇನ್ನೊಂದು ಹುಲ್ಲು ಬಂದು ಕೂರುತ್ತೆ, ನೆಲ ಮೆತ್ತಗಾಗುತ್ತೆ, ಬಾಲು ಬಿದ್ದಲ್ಲೇ ಪಚಕ್ ಅಂತ ನಿಂತ್ಕೊಳ್ಳುತ್ತೆ. ಆಮೇಲೆ ಅಲ್ಲಿ ಉಳಿಯೋ ಆಟ ಒಂದೇ, ಮೇಲಕ್ಕೆ ಹೊಡಿ, ಅಲ್ಲೇ ಇಳಿಸು. ಗಟ್ಟಿ ನೆಲದಲ್ಲಿ ಹಾಗಲ್ಲ, ಬಾಲು ಬಿದ್ದ ಮೇಲೇ ಆಟ ಶುರುವಾಗೋದು.

ನಾರ್ತ್ ಬೆರಿಕ್‌ನ 15ನೇ ಹೋಲ್ ಹೇಳ್ತೀನಿ ಕೇಳಿ. ರೆಡಾನ್ ಅಂತ ಹೆಸರು, ಪ್ರಪಂಚದಲ್ಲೆಲ್ಲಾ ನಕಲು ಮಾಡಿರೋ ಹೋಲು. ಸುಮಾರು 190 ಗಜ. ಗ್ರೀನ್ ಓರೆಯಾಗಿ ಕೂತಿದೆ, ಬಲಗಡೆ ಮುಂದಿನಿಂದ ಎಡಗಡೆ ಹಿಂದಕ್ಕೆ ಇಳಿಜಾರು, ಎಡ ಮುಂದೆ ಆಳದ ಬಂಕರು, ಮೊದಲು ಹೊಡೆಯೋ ಜಾಗ ಟೀಯಿಂದ ನೋಡಿದ್ರೆ ದಿಬ್ಬ ಅಡ್ಡ ಬಂದು ಅರ್ಧ ಏನೂ ಕಾಣಲ್ಲ. ಸಾಹೇಬ್ರು ಚೆಂದಕ್ಕೆ ಆಕಾಶಕ್ಕೆ ಹೊಡೆದ್ರು, ನೇರ ಧ್ವಜದ ಮೇಲೆ, ಬಾಲು ಗ್ರೀನ್ ಮೇಲೆ ಟಪ್ ಅಂತ ಬಿದ್ದು ಪುಟಿದು ಹಿಂದುಗಡೆ ಮಾಯ. ನಂದು ಎಂದಿನ ಹಾಗೆ ಅರ್ಧ ತಾಗಿದ ಹೊಡೆತ, ಆಳೆತ್ತರಕ್ಕಿಂತ ಮೇಲೆ ಹೋಗಲೇ ಇಲ್ಲ, ಬಲಗಡೆ ದಿಬ್ಬಕ್ಕೆ ಬಿದ್ದು, ಒಂದು ಸಲ ಪುಟಿದು, ಎಡಕ್ಕೆ ತಿರುಗಿ ಕಣ್ಣಿಂದ ಮರೆಯಾಯ್ತು. ಮುಗೀತು ಅಂದ್ಕೊಂಡು ದಿಬ್ಬ ಹತ್ತಿ ನೋಡ್ತೀನಿ, ತೂತಿಂದ ಆರಡಿ ದೂರದಲ್ಲಿ ಕೂತಿದೆ! ಹಾಲಿನ ಕುಕ್ಕರ್ ಥರ ಶಿಳ್ಳೆ ಹೊಡೆದ್ಬಿಟ್ಟೆ. (ಆ ಆರಡಿ ಉರುಳಿಸಿ ತೂತಿಗೆ ಹಾಕಿದ್ನಾ ಅಂತ ಕೇಳ್ಬೇಡಿ. ಇಲ್ಲ.)

ಎರಡು ಹೋಲ್ ಹಿಂದೆ, 13ರಲ್ಲಿ, ಗ್ರೀನಿನ ಮುಂದೇನೇ ಕಲ್ಲಿನ ಗೋಡೆ ಇದೆ. ಹೌದು, ಮೊಣಕಾಲು ಸೊಂಟದ ಮಟ್ಟಕ್ಕೆ ಬರೋ ಹಳೇ ಕಾಲದ ಕಲ್ಲುಗೋಡೆ, ನಮ್ಮೂರಲ್ಲಿ ಹೊಲಕ್ಕೆ ಕಟ್ತಾರಲ್ಲ ಹಾಗೆ, ಅದರಾಚೆ ತಗ್ಗಲ್ಲಿ ಗ್ರೀನು. ನನ್ನ ಬಾಲು ಗೋಡೆ ಬುಡಕ್ಕೆ ಅಂಟ್ಕೊಂಡು ಕೂತಿತ್ತು, ವಾಪಸ್ ಹಿಂದಕ್ಕೆ ಹೊಡ್ಕೊಂಡು ಬಂದು ಮತ್ತೆ ಮುಂದಕ್ಕೆ ಹೊಡೆದೆ. ಸಾಹೇಬ್ರು "ಇದನ್ನ ಒಡೆದು ಹಾಕಿಲ್ವಲ್ಲ ಇನ್ನೂ" ಅಂದ್ರು. ನಮ್ಮ ಮುಂದೆ ಒಬ್ಬ ಮುದುಕ, ಎಪ್ಪತ್ತೈದರ ಮೇಲೆ ಇರ್ಬೇಕು, ಬ್ಯಾಗು ಬೆನ್ನ ಮೇಲೆ, ನಾಯಿ ಪಕ್ಕದಲ್ಲಿ, ಗ್ರೀನಿಂದ ಮೂವತ್ತು ಗಜ ದೂರದಲ್ಲೇ ಬಾಲು ಉರುಳಿಸೋ ಕೋಲು ಪಟರ್ ತೆಗೆದು ಆ ಕಂದು ಹುಲ್ಲಿನ ಮೇಲೆ ಉರುಳಿಸ್ತಾ ಹೋಗ್ತಿದ್ದ. ನೋಡ್ತಾ ನಿಂತೆ. ಹಸಿರು ರೆಸಾರ್ಟಲ್ಲಿ ಅಷ್ಟು ದೂರದಿಂದ ಪಟರ್ ಹಿಡಿದ್ರೆ ಬಾಲು ಅರ್ಧ ದಾರೀಲಿ ಸುಸ್ತಾಗುತ್ತೆ.

ಇನ್ನೊಂದು ಕೋರ್ಸು ಕಾರ್ನೂಸ್ಟಿ ಬಗ್ಗೆ ಜಾಸ್ತಿ ಬರಿಯಲ್ಲ, ಅವಮಾನ. 1999ರ ಓಪನಲ್ಲಿ ವ್ಯಾನ್ ಡಿ ವೆಲ್ಡ್ ಕೊನೇ ಹೋಲಿಗೆ ಮೂರು ಶಾಟ್ ಮುಂದಿದ್ದೋನು ಬಾರಿ ಬರ್ನ್ ಹಳ್ಳಕ್ಕೆ ಇಳಿದು ಏಳು ಹೊಡೆತ ತಗೊಂಡು, ಸಮ ಆದೋರು ಆಡೋ ಪ್ಲೇಆಫಲ್ಲಿ ಸೋತನಲ್ಲ, ಅದೇ ಹಳ್ಳಕ್ಕೆ ನಾನು ಎರಡು ಬಾಲು ದಾನ ಕೊಟ್ಟೆ. ಆದ್ರೆ ಒಂದು ಮಾತು, 2018ರಲ್ಲಿ ಅಲ್ಲಿ ಓಪನ್ ನಡೆದಾಗ ನೆಲ ಸುಟ್ಟು ರೊಟ್ಟಿ ಬಣ್ಣ ಆಗಿತ್ತು, ಮೊಲಿನಾರಿ ಗೆದ್ದಿದ್ದು ಆ ನೆಲದ ಮೇಲೇನೇ. ಟಿವಿ ಮುಂದೆ ಕೂತು "ಆಹಾ" ಅಂದಿದ್ದು ಇದೇ ಸಾಹೇಬ್ರು. ಟಿವೀಲಿ ಕಂದಾಗಿದ್ರೆ ಕ್ಲಾಸಿಕ್, ಎದುರಿಗೆ ಕಂದಾಗಿದ್ರೆ ಮೇಂಟೆನೆನ್ಸ್ ಇಲ್ಲ!

ಸೇಂಟ್ ಆಂಡ್ರ್ಯೂಸಲ್ಲಿ ಹೆಸರುವಾಸಿ ಓಲ್ಡ್ ಕೋರ್ಸಲ್ಲಿ ಆಡೋಕೆ ಎತ್ತೋ ಲಾಟ್ರೀಲಿ ನಮ್ಮ ಹೆಸರು ಬರ್ಲಿಲ್ಲ, ಪಕ್ಕದ ನ್ಯೂ ಕೋರ್ಸಲ್ಲಿ ಆಡಿದ್ವಿ. 1895ರಲ್ಲಿ ಮಾಡಿದ್ದು, ಇನ್ನೂ "ನ್ಯೂ"ನೇ, ನಮ್ಮ ಮನೇಲಿ ಅರವತ್ತು ದಾಟಿದ ಚಿಕ್ಕಮ್ಮನ್ನ ಪಾಪು ಅಂತ ಕರೀತಾರಲ್ಲ ಹಾಗೆ. ಭಾನುವಾರ ಓಲ್ಡ್ ಕೋರ್ಸಲ್ಲಿ ಆಟ ಇಲ್ಲ, ಊರೋರೆಲ್ಲ ಮಕ್ಕಳು ನಾಯಿ ಕರ್ಕೊಂಡು ಅದರ ಮೇಲೆ ವಾಕಿಂಗ್ ಬರ್ತಾರೆ. ನಾವೂ ಹೋಗಿ ಸ್ವಿಲ್ಕನ್ ಸೇತುವೆ ಮೇಲೆ ಕ್ಯೂ ನಿಂತು ಫೋಟೋ ಹೊಡ್ಕೊಂಡ್ವಿ. ಸಾಹೇಬ್ರು ಆಡದೇ ಇರೋ ಆ ಕೋರ್ಸನ್ನೂ ಶೀಟಲ್ಲಿ ಆರನೇ ಸಾಲಾಗಿ ಸೇರಿಸಿ ಹತ್ತಕ್ಕೆ ಹತ್ತು ಕೊಟ್ಟಿದಾರೆ. ಅದೂ ಕಂದಾಗೇ ಇತ್ತು. ಹೆಸರು ದೊಡ್ಡದಾದ್ರೆ ಬಣ್ಣ ಮಾಫಿ ಅಂತ ಕಾಣುತ್ತೆ.

ಈ ಹಸಿರು ಹುಚ್ಚು ಎಲ್ಲಿಂದ ಹತ್ತಿದ್ದು ಅಂದ್ರೆ ಏಪ್ರಿಲಲ್ಲಿ ಟಿವೀಲಿ ಬರೋ ಅಮೆರಿಕದ ಮಾಸ್ಟರ್ಸ್ ಟೂರ್ನಿಯಿಂದ. ಅದು ನಡೆಯೋ ಅಗಸ್ಟಾ ಕೋರ್ಸನ್ನ ನೋಡಿ ನೋಡಿ ಎಲ್ಲರಿಗೂ ಅದೇ ಬೇಕು. ಅಲ್ಲಿ ಚಳಿಗಾಲಕ್ಕೆ ರೈ ಹುಲ್ಲು ಬಿತ್ತಿ ಏಪ್ರಿಲಿಗೆ ಮದುವೆ ಹೆಣ್ಣಿನ ಥರ ಸಿಂಗಾರ ಮಾಡಿರ್ತಾರೆ ಅನ್ನೋದು, ಆಮೇಲೆ ಬೇಸಿಗೆ ಪೂರ್ತಿ ಕೋರ್ಸಿಗೆ ಬೀಗ ಹಾಕಿ ಅಕ್ಟೋಬರಿಗೆ ತೆಗೀತಾರೆ ಅನ್ನೋದು ಯಾರಿಗೂ ನೆನಪಿರಲ್ಲ.

ಗ್ರೂಪಲ್ಲಿ ಇನ್ನೊಬ್ಬರು, ನಮ್ಮ ಡಾಕ್ಟ್ರು, ಸಾಹೇಬ್ರ ಪರ ವಕಾಲತ್ತಿಗೆ ನಿಂತ್ರು. "ಸಾರ್, ಅದು ತಂಪು ದೇಶ, ನೀರು ಹಾಕದಿದ್ರೂ ನಡೆಯುತ್ತೆ, ನಮ್ಮ ಬಿಸಿಲಲ್ಲಿ ಹಾಗೆ ಬಿಟ್ರೆ ಧೂಳೇ ಗತಿ." ಆಯ್ತಪ್ಪ, ಗ್ರೀನ್‌ಗೆ ನೀರು ಬೇಕು, ಕೊಳಚೆ ನೀರು ಶುದ್ಧ ಮಾಡಿ ಹಾಕೋರಿಗೆ ನನ್ನ ತಕರಾರೂ ಇಲ್ಲ. ಆದ್ರೆ ನಮ್ಮ ಕೋರ್ಸುಗಳಲ್ಲಿ ಬರ್ಮುಡಾ ಗ್ರಾಸ್ ಅಂತಾರಲ್ಲ, ಅದು ಯಾವ ಸೀಮೆ ಹುಲ್ಲು ಅಂದ್ಕೊಂಡಿದೀರಿ ಡಾಕ್ಟ್ರೇ? ಗಣಪತಿಗೆ ಇಡೋ ಗರಿಕೆ! ಅದರದೇ ಸುಧಾರಿತ ಜಾತಿಗಳು. ಗರಿಕೆನ ಸಾಯಿಸೋಕೆ ಹೊರಟ ರೈತರನ್ನ ಕೇಳಿ, ಮೂರು ತಿಂಗಳು ಒಣಗಿಸಿದ್ರೂ ಒಂದು ಮಳೆಗೆ ಎದ್ದು ನಿಂತಿರುತ್ತೆ. ಅದಕ್ಕೆ ಬೇಸಿಗೇಲಿ ಸ್ವಲ್ಪ ಮಲಗೋಕೆ ಬಿಡಿ ಅಂದ್ರೆ ಮೆಂಬರ್‌ಗಳಿಗೆ ಕಣ್ಣು ಉರಿ.

ಅದಕ್ಕಿಂತ ತಮಾಷೆ ಇನ್ನೊಂದಿದೆ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ, ಕುಡಿಯೋ ನೀರನ್ನ ಗಾರ್ಡನ್ನಿಗೆ, ಕಾರು ತೊಳೆಯೋಕೆ, ಕಾರಂಜಿಗೆ ಬಳಸಿದ್ರೆ 5000 ರೂಪಾಯಿ ದಂಡ ಅಂತ ಆದೇಶ ಮಾಡ್ತಲ್ಲ, ಆಗ ತಮ್ಮ ಲೇಔಟಲ್ಲಿ ಮನೆಮನೆಗೆ ಹೋಗಿ ಲಾನಿಗೆ ಪೈಪ್ ಬಿಟ್ಟೋರನ್ನ ಬೈದು ಬಂದಿದ್ದು ಯಾರು? ಇದೇ ಸಾಹೇಬ್ರು! ಆಗ ಒಣಗಿದ ಲಾನಿನ ಫೋಟೋ ಹಾಕಿ "ಪ್ರೌಡ್ ಆಫ್ ಅವರ್ ರೆಸಿಡೆಂಟ್ಸ್" ಅಂದಿದ್ರು. ಸ್ಕ್ರೀನ್‌ಶಾಟ್ ನನ್ನ ಹತ್ರ ಇದೆ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ನಿಜ ಒಪ್ಕೊಂಡ್ಬಿಡ್ತೀನಿ, ಇಲ್ಲಾಂದ್ರೆ ಮಗ ಕಾಮೆಂಟಲ್ಲಿ ಬಂದು ಬರೀತಾನೆ. ಗಟ್ಟಿ ನೆಲದ ಮೇಲೆ ನನಗಿರೋ ಪ್ರೀತೀಲಿ ಸ್ವಾರ್ಥ ಇದೆ. ನನ್ನ ಹ್ಯಾಂಡಿಕ್ಯಾಪ್ 26 (ಜಾಸ್ತಿ ಇದ್ದಷ್ಟೂ ಆಟ ಕಮ್ಮಿ ಅಂತ), ಹತ್ತರಲ್ಲಿ ಆರು ಬಾಲಿನ ನೆತ್ತಿಗೆ ಹೊಡೀತೀನಿ. ಹಸಿರು ರೆಸಾರ್ಟಲ್ಲಿ ಅಂಥ ಬಾಲು ನಲವತ್ತು ಗಜಕ್ಕೆ ಹುಲ್ಲಲ್ಲಿ ಹೂತ್ಕೊಳ್ಳುತ್ತೆ, ನಾರ್ತ್ ಬೆರಿಕಲ್ಲಿ ಓಡುತ್ತೆ ಓಡುತ್ತೆ, ನೂರೈವತ್ತು ಗಜ ಓಡುತ್ತೆ. ಜೀವನದಲ್ಲಿ ಮೊದಲನೇ ಸಲ ಸಾಹೇಬ್ರ ಮೊದಲ ಉದ್ದ ಹೊಡೆತಕ್ಕಿಂತ ನನ್ನ ಬಾಲು ಮುಂದೆ ನಿಂತಿತ್ತು. ಅವರ ನಾಲ್ಕು ಮಾರ್ಕ್ಸಿನ ಹಿಂದೆ ಹುಲ್ಲಿಗಿಂತ ಇದೇ ಜಾಸ್ತಿ ಇದೆ ಅಂತ ನನ್ನ ಗುಮಾನಿ. ಅವತ್ತು ಐದು ಪೌಂಡ್ ಸೋತಿದ್ರು, ಇನ್ನೂ ಕೊಟ್ಟಿಲ್ಲ.

ಇದನ್ನ ಟೈಪ್ ಮಾಡ್ತಿರೋವಾಗ್ಲೇ ಮೆಸೇಜ್ ಬಂತು: "ಸರ್, ನಿಮ್ಮ ರಿಮಾರ್ಕ್ಸ್ ಕಾಲಂ ಖಾಲಿ ಇದೆ, ಸಂಜೆ ಒಳಗೆ ತುಂಬಿಸಿ." ತುಂಬಿಸಿದೀನಿ. ರೆಸಾರ್ಟ್ ಕೋರ್ಸಿನ ಮುಂದೆ ಬರೆದಿದ್ದು ಇಷ್ಟೇ, "ಹುಲ್ಲು ಚೆನ್ನಾಗಿದೆ. ಎರಡು ಸೀಮೆ ಹಸು ಕಟ್ಟಬಹುದು." ಎಲ್ಲರ ಬ್ಲೂ ಟಿಕ್ ಬಂದಿದೆ, ಸಾಹೇಬ್ರು ಟೈಪಿಂಗ್ ಅಂತ ತೋರಿಸ್ತಾ ಇದೆ, ನಿಲ್ತಾ ಇದೆ, ಮತ್ತೆ ತೋರಿಸ್ತಾ ಇದೆ.