ದುರ್ಗದ ಇನ್ನೊಂದು ಕಿಂಡಿ

ಚಿತ್ರದುರ್ಗದವನು ಅಂದ ಕೂಡಲೇ ಜನ ಓಬವ್ವನ ಕಿಂಡಿಯ ಬಗ್ಗೆ ಕೇಳುತ್ತಾರೆ. ಕಾವಲು ಕಾಯುವ ಗಂಡ ಊಟಕ್ಕೆ ಬಂದಿದ್ದು, ನೀರು ತರಲು ಹೋದ ಓಬವ್ವ ಒನಕೆ ಎತ್ತಿದ್ದು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸಿದ್ದು ಎಲ್ಲರಿಗೂ ಗೊತ್ತು. ಆದರೆ ನಮ್ಮೂರಲ್ಲಿ ಇನ್ನೊಂದು ಕಿಂಡಿಯೂ ಇತ್ತು. ಟಾಕೀಸಿನ ಗಾಂಧಿ ಕ್ಲಾಸ್, ಅಂದರೆ ಪರದೆ ಹತ್ತಿರದ ಅಗ್ಗದ ಸೀಟುಗಳ, ಟಿಕೆಟ್ ಕೌಂಟರಿನದು. ಅದರ ಚರಿತ್ರೆ ಬರೆಯೋಣ ಅಂದರೆ ನನ್ನ ಹತ್ತಿರ ಇರುವ ದಾಖಲೆ ಒಂದೇ. ಬಲ ಮಣಿಕಟ್ಟಿನ ಮೇಲಿನ ಗಾಯದ ಗುರುತು.

ಅಲ್ಲಿಗೆ ಹೋಗುವ ದಾರಿಯೇ ಒಂದು ಸುರಂಗ. ಎರಡೂ ಕಡೆ ಗೋಡೆ, ಮೇಲೆ ಕಬ್ಬಿಣದ ಸರಳು, ಒಬ್ಬರ ಹಿಂದೆ ಒಬ್ಬರು ನಿಲ್ಲುವಷ್ಟೇ ಜಾಗ. ಒಮ್ಮೆ ಹೊಕ್ಕರೆ ವಾಪಸ್ ಬರುವ ಮಾತಿಲ್ಲ. ಬೀಡಿ ಹೊಗೆ, ಬೆವರು, ಕೊಬ್ಬರಿ ಎಣ್ಣೆ ಎಲ್ಲ ಸೇರಿದ ಒಂದು ವಾಸನೆ. ಕೊನೆಗೆ ಗೋಡೆಯಲ್ಲಿ ಒಂದು ಮುಷ್ಟಿ ಹಿಡಿಸುವಷ್ಟು ತೂತು. ಕೈಗಳು ಉಜ್ಜಿ ಉಜ್ಜಿ ಅದರ ಅಂಚಿನ ಸಿಮೆಂಟು ಗುಡಿಯ ಹೊಸ್ತಿಲಿನ ಹಾಗೆ ನುಣ್ಣಗಾಗಿತ್ತು. ಎಡಮೂಲೆಯಲ್ಲಿ ಮಾತ್ರ ಒಂದು ಕಂಬಿಯ ಚೂರು ಇಣುಕುತ್ತಿತ್ತು. ನನ್ನ ಗಾಯ ಅದರ ಕೊಡುಗೆ.

ದುಡ್ಡು ಮುಷ್ಟಿಯಲ್ಲಿಟ್ಟು ಕೈ ತೂರಿಸಬೇಕು, ಒಳಗೆ ಹೋದ ಮೇಲೇ ಬಿಚ್ಚಬೇಕು. ಆತುರಪಟ್ಟರೆ ಚಿಲ್ಲರೆ ನೆಲದ ಪಾಲು. ಒಳಗೆ ಕೂತವನಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ಓಬವ್ವನಿಗೆ ಬರೀ ತಲೆ ಕಂಡ ಹಾಗೆ ಇವನಿಗೆ ಬರೀ ಕೈ. ಹೊಸ ಸಿನಿಮಾ ಬಂದ ದಿನ ಒಂದೇ ತೂತಿಗೆ ಮೂರು ಕೈ ನುಗ್ಗುತ್ತಿದ್ದವು. ಹಾಗೆ ಒಂದು ದಿನ ನಾನು ದುಡ್ಡು ಕೊಟ್ಟೆ, ಟಿಕೆಟ್ ಪಕ್ಕದ ಕೈಗೆ ಹೋಯಿತು. ನನ್ನ ದುಡ್ಡಲ್ಲಿ ಯಾರೋ ಪುಣ್ಯಾತ್ಮ ಸಿನಿಮಾ ನೋಡಿದ. ಚೆನ್ನಾಗಿತ್ತಾ ಅಂತ ಕೇಳೋಣ ಅಂದರೆ ನಾನೂ ಅವನ ಮುಖ ನೋಡಿರಲಿಲ್ಲ. ಆಮೇಲೆ ಬುದ್ಧಿ ಬಂತು. ಹೆಂಗಸರ ಕೌಂಟರಿನ ಹತ್ತಿರ ನಿಂತು "ಅಕ್ಕಾ, ನಮಗೂ ಎರಡು ತಗೊಳ್ರೀ" ಅಂತ ಗೋಗರೆಯುವುದನ್ನು ಕಲಿತೆ.

ಒಳಗೆ, ನಮ್ಮ ತಲೆಯ ಹಿಂದೆ ಮೇಲುಗಡೆ, ಮತ್ತೊಂದು ಕಿಂಡಿ. ಬೆಳಕು ಬರುವುದು ಅಲ್ಲಿಂದ. ಆಗ ಬಲ್ಬ್ ಅಲ್ಲ, ಎರಡು ಕಾರ್ಬನ್ ಕಡ್ಡಿಗಳ ತುದಿ ಹತ್ತಿರ ತಂದು ಕಿಡಿ ಹೊತ್ತಿಸುತ್ತಿದ್ದರು. ಕಡ್ಡಿ ಸವೆದಂತೆ ಆಪರೇಟರ್ ಸರಿಮಾಡದಿದ್ದರೆ ಪರದೆ ಮೇಲೆ ನಡುಮಧ್ಯಾಹ್ನವೇ ಸಂಜೆ. ಕೂಡಲೇ ಶಿಳ್ಳೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹದಿಮೂರು ಸಾವಿರ ಅಡಿಗೂ ಜಾಸ್ತಿ ಫಿಲ್ಮು, ಬಸ್ಸಿನ ಮೇಲೆ ತಗಡಿನ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಪರದೆಯ ಬಲಮೂಲೆಯಲ್ಲಿ ಚುಕ್ಕೆ ಮಿನುಗಿದರೆ ರೀಲು ಮುಗಿಯಿತು, ಪಕ್ಕದ ಮೆಷಿನ್ ಶುರು ಅಂತ ಅರ್ಥ. ಇದು ಗೊತ್ತಾದ ಮೇಲೆ ನಾನು ಕಥೆ ಬಿಟ್ಟು ಚುಕ್ಕೆಗೇ ಕಾಯುತ್ತಿದ್ದೆ. ದಡ್ಡತನ, ಅಲ್ವಾ?

ತ.ರಾ.ಸು. ಕಾದಂಬರಿಯ 'ನಾಗರಹಾವು' ಅನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದರು. ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಅದು ಮತ್ತೆ ಊರಿಗೆ ಬಂದಾಗ. ನಮ್ಮವರು ನಾಯಕನಿಗಿಂತ ಜಾಸ್ತಿ ನೋಡಿದ್ದು ಕೋಟೆಯನ್ನು. "ಅದು ನೋಡಲೇ, ನಾವು ಜಾರಿದ ಬಂಡೆ!" ಅಂತ ಪಕ್ಕದವನ ತೊಡೆ ಗುದ್ದುವುದೇ ಗುದ್ದುವುದು. ಓಬವ್ವನಾಗಿ ಜಯಂತಿ ಒನಕೆ ಎತ್ತಿದಾಗ ಇಡೀ ಟಾಕೀಸು ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಆದರೂ ಕಿಂಡಿಯಲ್ಲಿ ತೂರುವವರ ಕಷ್ಟ ಪೂರ್ತಿ ಅರ್ಥವಾಗಿದ್ದು ಗಾಂಧಿ ಕ್ಲಾಸಿನವರಿಗೇ. ಬಾಲ್ಕನಿಯವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು.

ಈಗ ಟಿಕೆಟ್ ಫೋನಿಗೇ ಬರುತ್ತದೆ. ಕೈಗೆ ಏನೂ ಆಗುವುದಿಲ್ಲ.

ಹೋದ ವರ್ಷ ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದ. ಕೋಟೆಗೆ ಕರೆದುಕೊಂಡು ಹೋದೆ. ಓಬವ್ವನ ಕಿಂಡಿಯಲ್ಲಿ ಬಗ್ಗಿ, ತೆವಳಿ, ಅಂಗಿಗೆಲ್ಲ ಮಣ್ಣು ಮಾಡಿಕೊಂಡು ಈಚೆ ಬಂದ. "ಇಷ್ಟು ಸಣ್ಣದ್ರಲ್ಲಿ ಸೈನಿಕರು ಹೆಂಗೆ ಬಂದ್ರು ಚಿಕ್ಕಪ್ಪಾ?" ಅಂದ.

"ಹಿಂದಿನವರು ನೂಕ್ತಾ ಇರ್ತಾರಲ್ಲಪ್ಪಾ" ಅಂದೆ.