ಹೊರಗೆ ಹುಳುಕು, ಒಳಗೆ ಥಳಕು

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲವೆಂದರೆ ಹಿಂದೊಮ್ಮೆ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಕಾಲವಾಗಿತ್ತು. ಈಗ ಅದು ಮೈ ಬೆಚ್ಚಗಿಲ್ಲವೆಂಬುದನ್ನು ಸೊಗಸಾಗಿ ತೋರಿಸಿಕೊಳ್ಳುವ ಕಾಲ. ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದು, ಬೀದಿಯಂಚಿನಲ್ಲಿ ಮೊಣಕಾಲುದ್ದ ಹಿಮ ಬಿದ್ದಿರುವಾಗ, ಎಪ್ಪತ್ತರ ದಶಕದ ಕಾರ್ಡುರಾಯ್ ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ಅಗಲ ಕಾಲರಿನ ಅಂಗಿ ಕಾಣುವಂತೆ ಎದೆ ತೆರೆದು ನಿಂತವರನ್ನು ಕಂಡು ಯಾರೂ ಆಂಬುಲೆನ್ಸ್ ಕರೆಯಬಾರದು. ಅವರು ಫೋಟೊ ತೆಗೆಯುವವರಿಗಾಗಿ ಕಾಯುತ್ತಿದ್ದಾರೆ. ತುಟಿ ನೀಲಿಗಟ್ಟಿರುವುದೂ ಕೋಟಿನ ಬಣ್ಣಕ್ಕೆ ಹೊಂದಲೆಂದೇ ಇರಬೇಕು.

ಹಳೆಯ ಬಟ್ಟೆ ಮಾರುವ ಥ್ರಿಫ್ಟ್ ಅಂಗಡಿಗಳ ಹಿನ್ನೆಲೆ ಇಷ್ಟು ರಸಿಕತೆಯದಾಗಿರಲಿಲ್ಲ. 1902ರಲ್ಲಿ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥೊಡಿಸ್ಟ್ ಪಾದ್ರಿ ಸಿರಿವಂತರ ಮನೆಗಳಲ್ಲಿ ಬೇಡವಾಗಿದ್ದ ಬಟ್ಟೆಬರೆಗಳನ್ನೂ ಸಾಮಾನುಗಳನ್ನೂ ಗೋಣಿಚೀಲಗಳಲ್ಲಿ ಕೂಡಿಸಿ ತಂದು, ಕೆಲಸವಿಲ್ಲದ ಬಡವರ ಕೈಯಿಂದ ರಿಪೇರಿ ಮಾಡಿಸಿ, ಅಗ್ಗಕ್ಕೆ ಮಾರಿ, ಬಂದ ಹಣದಲ್ಲಿ ಅವರಿಗೆ ಕೂಲಿ ಕೊಡುವ ಏರ್ಪಾಡು ಮಾಡಿದರು. ಗುಡ್‌ವಿಲ್ ಸಂಸ್ಥೆ ಹುಟ್ಟಿದ್ದು ಹಾಗೆ. ಒಬ್ಬರಿಗೆ ಹೆಚ್ಚಾದ ಕೋಟು ಇನ್ನೊಬ್ಬರ ಚಳಿಗೆ ಒದಗಬೇಕೆಂಬುದು ಅಂದಿನ ಒರಟು ತರ್ಕ. ಶತಮಾನ ಕಳೆದ ಮೇಲೆ ನಾವು ಅದನ್ನು ತಿದ್ದಿ ನಯಗೊಳಿಸಿದ್ದೇವೆ. ಮನೆಯಲ್ಲಿ ಒಂಬತ್ತು ಕೋಟುಗಳಿರುವವರು ಹತ್ತನೆಯದಕ್ಕಾಗಿ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಸಾಲಾಗಿ ನಿಲ್ಲುತ್ತಾರೆ. ಒಳ್ಳೆಯ ಉಣ್ಣೆಯದನ್ನೆಲ್ಲ ತೋಳಿನ ಮೇಲೆ ಹೇರಿಕೊಂಡು ಹೋಗಿ, ಒಂದನ್ನು ತಾವು ತೊಟ್ಟು, ಉಳಿದದ್ದನ್ನು ಅಂತರ್ಜಾಲದಲ್ಲಿ ಮೂರು ಪಟ್ಟು ಬೆಲೆಗೆ ಮಾರುತ್ತಾರೆ. ಇದನ್ನು ಕಂಡ ಅಂಗಡಿಯವರಿಗೂ ಜ್ಞಾನೋದಯವಾಗಿ, ಹಿಂದಿನ ವಾರ ಮೂಲೆಯಲ್ಲಿ ನೇತಾಡುತ್ತಿದ್ದ ಅದೇ ಕೋಟು ಈ ವಾರ ಬಾಗಿಲ ಬಳಿ ‘ವಿಂಟೇಜ್’ ಎಂಬ ಫಲಕದಡಿಗೆ ವರ್ಗವಾಗಿರುತ್ತದೆ. ಬಡ್ತಿ ಸಹಿತ ವರ್ಗ.

ಕೋಟಿನ ವಯಸ್ಸನ್ನು ಪತ್ತೆಹಚ್ಚುವ ವಿದ್ವತ್ತಿನ ಬಗ್ಗೆ ಮಾತ್ರ ಗೌರವದಿಂದಲೇ ಬರೆಯಬೇಕು. ವ್ಯಾಪಾರದ ರೂಢಿಯಲ್ಲಿ 20 ವರ್ಷ ತುಂಬಿದ ಉಡುಪು ವಿಂಟೇಜ್, 100 ತುಂಬಿದರೆ ಆಂಟಿಕ್. ಆದ್ದರಿಂದ ವಿದ್ವಾಂಸರು ಕೋಟಿನ ಒಳಮೈಯನ್ನು ಹೊರಳಿಸಿ, ಕತ್ತಿನ ಬಳಿಯ ಪಟ್ಟಿಯನ್ನು ಶಾಸನತಜ್ಞರು ಸವೆದ ಕಲ್ಲನ್ನು ಓದುವ ಹಾಗೆ ಬೆರಳಾಡಿಸಿ ಓದುತ್ತಾರೆ. ಝಿಪ್ಪು ಲೋಹದ್ದಾಗಿದ್ದರೆ ಅರವತ್ತರ ದಶಕದ್ದೋ ಅದಕ್ಕೂ ಹಿಂದಿನದೋ ಇರಬಹುದು. ಒಗೆಯುವ ವಿಧಾನ ತಿಳಿಸುವ ಪಟ್ಟಿ ಇಲ್ಲದಿದ್ದರೆ, ಅಮೆರಿಕ ಅಂಥ ಪಟ್ಟಿಯನ್ನು ಕಡ್ಡಾಯ ಮಾಡಿದ 1972ಕ್ಕೂ ಮುಂಚಿನದಿರಬಹುದು. ಅಲ್ಲಿನ ಮಹಿಳಾ ಉಡುಪು ಕಾರ್ಮಿಕರ ಸಂಘದ ಮುದ್ರೆ ಇದ್ದರೆ, ಆ ಸಂಘ ಇನ್ನೊಂದರೊಡನೆ ವಿಲೀನವಾದ 1995ಕ್ಕಿಂತ ಈಚಿನದಲ್ಲ. ಹೋರಾಡಿ ಕೂಲಿ ಗಿಟ್ಟಿಸಿಕೊಂಡ ಆ ಹೊಲಿಗೆಯ ಹೆಂಗಸರು ತಮ್ಮ ಮುದ್ರೆ ಇಂದು ಮರುಮಾರಾಟದವರ ಲಾಭಕ್ಕೆ ಒದಗಿರುವುದನ್ನು ಕಂಡಿದ್ದರೆ ಹಿಗ್ಗುತ್ತಿದ್ದರೋ, ಮತ್ತೊಂದು ಮುಷ್ಕರ ಹೂಡುತ್ತಿದ್ದರೋ ಹೇಳಲಾರೆ. ಇಷ್ಟೆಲ್ಲ ಓದುವವರು ಓದದೆ ಬಿಡುವುದು ಒಂದನ್ನೇ: ಬಟ್ಟೆ ಯಾವ ನೂಲಿನದೆಂಬುದನ್ನು. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡೂ ಒದ್ದೆಯೆನಿಸದೆ ಇರಬಲ್ಲದು. ಹತ್ತಿ ನೆನೆದರೆ ಮೈಯ ಕಾವನ್ನೇ ಕದಿಯುತ್ತದೆ. ಕಾರ್ಡುರಾಯ್ ಸಾಮಾನ್ಯವಾಗಿ ಹತ್ತಿಯದು. ಹೆಗಲ ಮೇಲೆ ಕುಳಿತ ಹಿಮ ಕರಗತೊಡಗಿದಾಗ ಈ ಪಾಠ ಯಾವ ಪಟ್ಟಿಯ ನೆರವೂ ಇಲ್ಲದೆ ನೇರವಾಗಿ ಬೆನ್ನುಮೂಳೆಗೆ ತಲುಪುತ್ತದೆ.

ಅಳತೆಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಅರ್ಧ ಶತಮಾನದ ಹಿಂದಿನ ಹೆಂಗಸರ ಕೋಟಿನ 12ನೇ ಸೈಜು ಈಗಿನ 12ಕ್ಕಿಂತ ಎಷ್ಟೋ ಚಿಕ್ಕದು. ಹೀಗಾಗಿ ಗುಂಡಿಗಳು ಬಿಚ್ಚಿಕೊಂಡಿರುವುದಕ್ಕೆಲ್ಲ ಶೈಲಿಯೇ ಕಾರಣವಲ್ಲ.

ಬೂಟಿನ ಪ್ರಸಂಗ ಇನ್ನೂ ಕರುಣಾಜನಕವಾದದ್ದು. ಯಾರೋ ಕೊಂಡು ಒಮ್ಮೆಯೂ ತೊಡದೆ ಪೆಟ್ಟಿಗೆಯಲ್ಲಿಟ್ಟಿದ್ದ ಎಂಬತ್ತರ ದಶಕದ ಹಿಮದ ಬೂಟು ಸಿಕ್ಕಿತೆಂದರೆ ಪುಣ್ಯವಂತರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ನಿಲ್ಲುತ್ತದೆ, ಅದೂ ಬರಿಯ ಕಾಲುಚೀಲದ ಮೇಲೆ. ಅಂಥ ಬೂಟಿನ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ. ತೊಟ್ಟರೂ ಸರಿ, ತೊಡದೆ ಇಟ್ಟರೂ ಸರಿ, ಅದರ ಆಯಸ್ಸು ಓಡುತ್ತಲೇ ಇರುತ್ತದೆ. ಹಿಮ ಕರಗಲೆಂದು ಉಪ್ಪು ಚೆಲ್ಲಿದ ಹಾದಿಯಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಟ್ಟೆ ಕಪ್ಪು ಚೂರುಗಳಾಗಿ ಉದುರಿ, ಹಿಂದೆ ಬರುವವರಿಗೆ ದಾರಿ ತೋರಿಸುತ್ತದೆ. ಇನ್ನು ತೊಗಲಿನ ಬೂಟಿನ ಮೇಲೆ ಆ ಉಪ್ಪು ಮೂಡಿಸುವ ಬಿಳಿಯ ಗೆರೆಗಳನ್ನು ನೀರು ಬೆರೆಸಿದ ವಿನೆಗರಿನಿಂದ ಒರೆಸಿದರೆ ಹೋಗುತ್ತವೆ. ಆದರೆ ಒರೆಸುವವರು ಯಾರು? ಅವು ಪಾವಿತ್ರ್ಯದ ಕುರುಹುಗಳು.

ಅಂಥದ್ದೇ ಇನ್ನೊಂದು ಕುರುಹು ನುಸಿ ಕೊರೆದ ತೂತು. ಬಟ್ಟೆನುಸಿಯ ಮರಿಹುಳು ಜೀರ್ಣಿಸಿಕೊಳ್ಳುವುದು ಕೂದಲು, ಉಣ್ಣೆಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು. ಅಪ್ಪಟ ಪಾಲಿಯೆಸ್ಟರು ಅದಕ್ಕೆ ಆಹಾರವೇ ಅಲ್ಲ. ಈ ಇಡೀ ವ್ಯವಹಾರದಲ್ಲಿ ನೂಲನ್ನು ತಪ್ಪದೆ ಗುರುತಿಸಬಲ್ಲ ತಜ್ಞರಿದ್ದರೆ ಅದು ಆ ಹುಳುವೇ ಎನ್ನಬೇಕು.

ಹೀಗಿದ್ದೂ ಈ ರಸಿಕರು ಹೆಪ್ಪುಗಟ್ಟದೆ ಉಳಿಯುವುದು ಹೇಗೆಂದು ಆತಂಕಪಡುವವರಿಗೆ ಒಂದು ಸಮಾಧಾನದ ಸುದ್ದಿಯಿದೆ. ಹಳೆಯ ಕೋಟಿನಡಿಯಲ್ಲಿ, ಫೋಟೊಗೆ ಕಾಣದಷ್ಟು ಆಳದಲ್ಲಿ, ಈ ವರ್ಷವೇ ಮಾರುಕಟ್ಟೆಗೆ ಬಂದ ಥರ್ಮಲ್ ಒಳಉಡುಪು, ಅದರ ಮೇಲೆ ಬ್ಯಾಟರಿಯಿಂದ ಕಾಯುವ ತೋಳಿಲ್ಲದ ಜಾಕೆಟ್ಟು, ಜೇಬುಗಳಲ್ಲಿ ಕಬ್ಬಿಣದ ಪುಡಿ ತುಕ್ಕು ಹಿಡಿಯುತ್ತ ಶಾಖ ಬಿಡುವ, ಒಂದು ಸಲ ಬಳಸಿ ಎಸೆಯುವ ಪೊಟ್ಟಣಗಳು ಇರುತ್ತವೆ. ಹೊರಗೆ ಥಳಕು ಒಳಗೆ ಹುಳುಕು ಎಂದು ಹಿರಿಯರು ಬೈದದ್ದನ್ನು ಇವರು ತಿರುವಿ ಹಾಕಿದ್ದಾರೆ. ಕಾಣುವ ಒಂದು ಹಳೆಯ ಕೋಟಿಗಾಗಿ ಕಾಣದ ಮೂರು ಹೊಸ ಉಡುಪುಗಳನ್ನು ಕೊಂಡು, ಆ ಕೋಟಿನ ಫೋಟೊದ ಕೆಳಗೆ ‘ಹೊಸದನ್ನು ಕೊಳ್ಳದಿರಿ, ಭೂಮಿಯನ್ನು ಉಳಿಸಿ’ ಎಂದು ಬರೆದಾಗ, ಉಳಿದ ಭೂಮಿ ಕೃತಜ್ಞತೆಯಿಂದ ಇನ್ನಷ್ಟು ಹಿಮ ಸುರಿಸುತ್ತದೆ.

ಇಷ್ಟರ ನಡುವೆ, ನಿಜವಾಗಿಯೂ ಚಳಿಯೆಂಬ ಹಳೆಯ ಕಾರಣಕ್ಕೆ ಕೋಟು ಹುಡುಕಿಕೊಂಡು ಬರುವ ಮುಗ್ಧರೂ ಕೆಲವರಿದ್ದಾರೆ. ದುಡಿಮೆ ಮುಗಿಸಿ ಸಂಜೆ ಅಂಗಡಿಗೆ ಬರುವ ಹೆಂಗಸೊಬ್ಬಳಿಗೆ ಉಣ್ಣೆಯ ಕಂಬಿಯಲ್ಲಿ ಸಿಗುವುದು ಖಾಲಿ ಹ್ಯಾಂಗರುಗಳು. ಉಳಿದಿರುವುದು ಮಿಣುಕು ಹಚ್ಚಿದ ಬೇಸಿಗೆಯ ಅಂಗಿಗಳು ಮತ್ತು ಯಾವ ಸೌಂದರ್ಯಪ್ರಜ್ಞೆಯೂ ಮುಟ್ಟದ, ಯಾವುದೋ ಕಂಪನಿಯ ಸಿಬ್ಬಂದಿಗೆ ಹಂಚಿದ ಲಾಂಛನವಿರುವ, ದಪ್ಪನೆಯ ಪಾಲಿಯೆಸ್ಟರ್ ತುಂಬಿದ ಜಾಕೆಟ್ಟು. ರಸಿಕರು ಅದನ್ನು ಬೆಳಿಗ್ಗೆಯೇ ನೋಡಿ, ಮೂಗು ಮುರಿದು, ಬಿಟ್ಟುಹೋಗಿದ್ದಾರೆ. ಆಕೆ ಅದನ್ನು ತೊಟ್ಟು, ಗಂಟಲವರೆಗೆ ಝಿಪ್ಪು ಎಳೆದು, ಫೋಟೊಗಾಗಿ ನಡುಗುತ್ತಿರುವವರನ್ನು ದಾಟಿಕೊಂಡು ಬಸ್ಸು ಹತ್ತುತ್ತಾಳೆ. ಆ ಜಾಕೆಟ್ಟಿಗೆ ಇನ್ನೂ 20 ತುಂಬಿಲ್ಲ, ಆಕೆಯ ಅದೃಷ್ಟ. ತುಂಬಿದ ಮೇಲೆ ಆ ಲಾಂಛನಕ್ಕೂ ಒಂದು ಫಲಕ, ಒಂದು ಬಡ್ತಿ ಕಾದಿದೆ; ಆಗ ಅದನ್ನು ಕೊಳ್ಳಲು ಆಕೆ ಸಾಲ ಮಾಡಬೇಕಾದೀತು.